ಬಾಗಿಲಿಗೆ ಮುಳ್ಳು ಹಾಕಿದ ಮನೆ

ಮೊನ್ನೆ ನಮ್ಮ ಹಳೇ ಶಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿದ್ದಳು. "ಮೇಡಂ, ನ್ಯಾಯಮಂಡಳಿಗೆ ಬರೋ ಅಭ್ಯರ್ಥಿಗಳಿಗೆ ಕೇಳೋ ಪ್ರಶ್ನೆಗಳ ಪಟ್ಟಿ ನಿಮ್ಮ ಹತ್ರ ಇದೆಯಂತೆ, ಕಳಿಸ್ತೀರಾ?" ಎಂದಳು. ಪಟ್ಟಿ ಇದೆ ಕಣಮ್ಮ, ಆದರೆ ಅದರಿಂದ ನಿನಗೆ ಮೂರು ಕಾಸಿನ ಉಪಯೋಗವಿಲ್ಲ ಎಂದೆ. ಮುದುಕಿ ಕೊಡಲೊಲ್ಲಳು ಎಂದುಕೊಂಡಳೋ ಏನೋ, ಸಪ್ಪಗೆ "ಸರಿ ಮೇಡಂ" ಎಂದು ಇಟ್ಟುಬಿಟ್ಟಳು. ಪಾಪ ಅನ್ನಿಸಿತು. ಪಟ್ಟಿಗಿಂತ ಹೆಚ್ಚಿನದೇನನ್ನಾದರೂ ಕೊಡೋಣವೆಂದು ಇದನ್ನು ಬರೆಯಲು ಕೂತಿದ್ದೇನೆ. ಅವಳ ಜೊತೆಗೆ ಸೇರಿದ ಉಳಿದವರೂ ಓದಿಕೊಳ್ಳಲಿ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಶಾಸಕರ ಸಮಿತಿಯೊಂದರ ಶಾಖೆಯಲ್ಲಿ ಇದ್ದವಳು. ಜಲಾಶಯ ಕಟ್ಟಿದರೆ ಊರುಗಳು ಮುಳುಗುತ್ತವೆ. ಆ ಊರಿನವರು ಯಾರು, ಅಲ್ಲದವರು ಯಾರು, ಹೊಸ ಕಾಲೋನಿಯಲ್ಲಿ ಜಾಗ ಯಾರಿಗೆ ಎಂಬ ತಕರಾರು ಬಂದೇ ಬರುತ್ತದೆ. ಅದನ್ನು ತೀರ್ಮಾನಿಸಲು ಮುಳುಗಡೆ ನಿರಾಶ್ರಿತರ ನ್ಯಾಯಮಂಡಳಿ. ಜನರ ಬಾಯಲ್ಲಿ ಬರೀ ಟ್ರಿಬ್ಯುನಲ್ಲು. ಅದರ ಸದಸ್ಯರನ್ನು ಆರಿಸುವುದು ಸರ್ಕಾರ. ಆದರೆ ಸರ್ಕಾರ ತನ್ನ ಅಳಿಯನನ್ನೋ ಭಾವಮೈದುನನನ್ನೋ ತಂದು ಕೂರಿಸಬಾರದಲ್ಲ? ಅದಕ್ಕೆ ಪ್ರತಿ ಹೆಸರೂ ಶಾಸಕರ ಸಮಿತಿಯ ಮುಂದೆ ಬರಬೇಕು, ಆ ಮನುಷ್ಯನನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿ, ಆಗಬಹುದು ಅಥವಾ ಬೇಡ ಎಂದು ಸಮಿತಿ ಬರೆಯಬೇಕು. ಶಾಸಕರು ಕೇಳುವ ಪ್ರಶ್ನೆ, ಓದುವ ಟಿಪ್ಪಣಿ, ಕೊನೆಗೆ ಬರೆಯುವ ಅಭಿಪ್ರಾಯ, ಎಲ್ಲವನ್ನೂ ತಯಾರು ಮಾಡುವವರು ನಾವು. ನನಗೆ ಯಾವಾಗ ಯಾವ ಕುರ್ಚಿ ಸಿಕ್ಕಿತು ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನಾನು ಆಂಧ್ರದ ಗಡಿಯ ಹಿಂದೂಪುರದವಳು. ನಮ್ಮದು ನೇಯ್ಗೆಯವರ ಮನೆ. ಅಡುಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ರಾಜಧಾನಿಗೆ ಹೋದ ಹೊಸದರಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಶಾಖೆಯವರು ಮುಸಿಮುಸಿ ನಗುತ್ತಿದ್ದರು. "ಏಮಮ್ಮಾ, ಇದಿ ಏ ಊರಿ ತೆಲುಗು?" ಯಾವ ಊರಿನ ತೆಲುಗಮ್ಮಾ ಇದು ಎಂದು. ಆಗ ನಾನು ಒಂದು ತೀರ್ಮಾನ ಮಾಡಿದೆ: ಇವರಿಗಿಂತ ಚೊಕ್ಕ ತೆಲುಗು ಬರೆದು ತೋರಿಸುತ್ತೇನೆ, ಗಡಿಯ ವಾಸನೆಯೇ ಬರಬಾರದು. ಮಾಡಿ ತೋರಿಸಿದೆ ಕೂಡ. ಆ ಹಟದಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ.

ನನ್ನ ಮೇಲಧಿಕಾರಿ ರಾಘವಯ್ಯ ಸಾರ್. ಉಪ ಕಾರ್ಯದರ್ಶಿ. ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು, ಕತ್ತು ನೆಟ್ಟಗೆ ಇಟ್ಟುಕೊಂಡು ಕೂರುವ ಮನುಷ್ಯ. ಅಭ್ಯರ್ಥಿ ಬಂದ ಕೂಡಲೇ ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಅಟೆಂಡರ್ ಯಾದಗಿರಿಯ ಪಕ್ಕ ಕಾಲು ಗಂಟೆ ಕೂರಿಸುತ್ತಿದ್ದರು. ಆಮೇಲೆ ನೀರು ಕೇಳುವ ನೆಪದಲ್ಲಿ ಯಾದಗಿರಿಯನ್ನು ಕರೆದು, "ಹೇಗಿದ್ದಾರೆ?" ಎಂದು ಕೇಳುವರು. ಯಾದಗಿರಿ ಬಾಯಿ ಬಿಡುತ್ತಿರಲಿಲ್ಲ. ತಲೆಯಾಡಿಸಿದರೆ ಪರವಾಗಿಲ್ಲ, ಮೂಗು ಉಜ್ಜಿಕೊಂಡರೆ ಕಷ್ಟ. ಒಬ್ಬ ದೊಡ್ಡ ಅಧಿಕಾರಿ ಯಾದಗಿರಿಯ ಕುರ್ಚಿಯನ್ನೇ ಎಳೆದುಕೊಂಡು ಕೂತು, ಅವನನ್ನು ಕಾಫಿ ತರಲು ಓಡಿಸಿ, ತಂದ ಕಾಫಿ ತಣ್ಣಗಿದೆಯೆಂದು ಬೈದನಂತೆ. ಅವತ್ತು ಯಾದಗಿರಿ ಮೂಗನ್ನು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದ. ಒಳಗೆ ಆ ಅಧಿಕಾರಿ ಬಡವರ ಬಗ್ಗೆ ಎಷ್ಟು ಚೆಂದ ಮಾತಾಡಿದರೂ ರಾಘವಯ್ಯ ಸಾರ್ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಇದು ಯಾವ ನಿಯಮಾವಳಿಯಲ್ಲೂ ಇಲ್ಲ. ಈಗ ಅಭ್ಯರ್ಥಿ ಎಲ್ಲೋ ಕೂತು ಕಂಪ್ಯೂಟರ್ ಪರದೆಯಲ್ಲಿ ಬಂದು ಹೋಗುತ್ತಾನಂತೆ. ಅನುಕೂಲ ಹೌದು, ಆದರೆ ಅಟೆಂಡರಿಗೆ ಅವನ ದರ್ಶನವೇ ಆಗುವುದಿಲ್ಲ.

ನನ್ನ ಯಡವಟ್ಟುಗಳನ್ನೂ ಹೇಳಬೇಕು, ಇಲ್ಲದಿದ್ದರೆ ನೀವು ನನ್ನನ್ನು ಮಹಾ ಬುದ್ಧಿವಂತೆ ಎಂದುಕೊಂಡೀರಿ. ಶಾಸಕರಿಗೆ ಒಂದು ಟಿಪ್ಪಣಿ ಹೋಗುತ್ತದೆ: ಪ್ರಶ್ನೆ, ಅದರ ಕೆಳಗೆ ಅಭ್ಯರ್ಥಿ ಏನು ಹೇಳಬಹುದು, ಆಗ ಮುಂದೆ ಹೇಗೆ ಹಿಡಿಯಬೇಕು ಅಂತ. ಅಭ್ಯರ್ಥಿಗೆ ಹೋಗುವುದು ಬರೀ ದಿನಾಂಕ, ಜಾಗ. ಒಂದು ಸಲ ನಾನು ಲಕೋಟೆ ಅದಲು ಬದಲು ಮಾಡಿಬಿಟ್ಟೆ. ಆ ಪುಣ್ಯಾತ್ಮ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದ. ಅಧ್ಯಕ್ಷರು ಮೊದಲನೇ ಪ್ರಶ್ನೆ ಕೇಳುವ ಮುಂಚೆಯೇ ಎರಡನೆಯದಕ್ಕೆ ಉತ್ತರ ಶುರು ಮಾಡಿ, ಭರದಲ್ಲಿ "ಇಲ್ಲಿ ಸದಸ್ಯರು ಸ್ವಲ್ಪ ಒತ್ತಿ ಕೇಳುವುದು" ಎಂಬ ಸಾಲನ್ನೂ ಸೇರಿಸಿ ಹೇಳಿದ. ಇಡೀ ಕೊಠಡಿ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ರಾಘವಯ್ಯ ಸಾರ್ ಆಮೇಲೆ ಕರೆದು, "ಆತನನ್ನು ಬೇಡ ಅನ್ನೋಕಾಗಲ್ಲ ಸುಶೀಲಮ್ಮ, ಎಲ್ಲಾ ಉತ್ತರವೂ ಸರಿಯಾಗಿದೆ, ನೀನೇ ಬರೆದದ್ದು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಮೂರ್ತಿಗಾರು, ಅಂದರೆ ಮೂರ್ತಿಯವರ, ವಿಷಯಕ್ಕೆ ಬರುತ್ತೇನೆ. ಇವರು ಆಂಧ್ರ ಕರಾವಳಿ ಕಡೆಯವರು, ನಿವೃತ್ತ ನ್ಯಾಯಾಧೀಶರು. ಕಲ್ಯಾಣದುರ್ಗ ಮತ್ತು ಹಿಂದೂಪುರದ ಪೀಠಗಳಿಗೆ ಸರ್ಕಾರ ಇವರ ಹೆಸರು ಕಳಿಸಿತ್ತು. ಹೊರಗೆ ಕಾಯುವಾಗ ಅವರೇ ಎದ್ದು ಯಾದಗಿರಿಗೆ ಕುರ್ಚಿ ಎಳೆದುಕೊಟ್ಟು, ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಕೇಳುತ್ತಿದ್ದರಂತೆ. ಯಾದಗಿರಿ ಎರಡೆರಡು ಸಲ ತಲೆಯಾಡಿಸಿದ. ಒಳಗೂ ಅಷ್ಟೇ, ನೇರ ಮಾತು, ಚೊಕ್ಕ ನಡತೆ. ನಮ್ಮ ಏಳು ಪ್ರಶ್ನೆಗಳಿಗೂ ಸರಿಯಾದ ಉತ್ತರ. ಏಳರಲ್ಲಿ ಒಂದಾದರೂ ಆ ಸೀಮೆಯ ಜನ ಹೇಗೆ ಬದುಕುತ್ತಾರೆ ಎಂದು ಕೇಳುವ ಪ್ರಶ್ನೆಯಾಗಿರಲಿಲ್ಲ. ಆ ಪಟ್ಟಿ ನನ್ನದೇ. ಸಮಿತಿ "ಆಗಬಹುದು" ಎಂದು ಬರೆಯಿತು.

ಅಧ್ಯಕ್ಷರು ನನ್ನನ್ನು ಕರೆದು, "ಪಾಪ, ಅವರಿಗೆ ಆ ಕಡೆ ಹೊಸದು. ಮನೆಗಳ ಸರ್ವೆ ಹೇಗೆ ನಡೆದಿದೆ ಅಂತ ಒಂದು ಟಿಪ್ಪಣಿ ಮಾಡಿ ಕಳಿಸಮ್ಮ, ಸಾಯಂಕಾಲದೊಳಗೆ" ಎಂದರು. ಇಲಾಖೆಯ ಕೋಷ್ಟಕ ತೆಗೆದು ಕೂತೆ. ಸರ್ವೆಯವರು ಮನೆಗಳನ್ನು ಮೂರು ಬಗೆ ಮಾಡಿದ್ದರು. ಜನ ಇರುವ ಮನೆ. ಬೀಗ ಹಾಕಿದ ಮನೆ, ಅಂದರೆ ಜನ ತಾತ್ಕಾಲಿಕವಾಗಿ ಹೊರಗೆ ಹೋಗಿದ್ದಾರೆ, ಅವರಿಗೂ ಹಕ್ಕು ಉಂಟು. ಮೂರನೆಯದು ಪಾಳು ಮನೆ, ಹಕ್ಕಿಲ್ಲ. ಇದರ ಹೊರಗೆ "ಇತರೆ" ಎಂದು ನಾಲ್ಕೈದು ಮನೆ ಉಳಿದಿದ್ದವು. ಷರಾ ಕಾಲಂನಲ್ಲಿ ಒಂದೇ ಮಾತು: ಬಾಗಿಲಿಗೆ ಮುಳ್ಳುಕಂಪೆ ಅಡ್ಡ.

ನಮ್ಮ ಸೀಮೆಯಲ್ಲಿ ಬಾಗಿಲಿಗೆ ಮುಳ್ಳು ಯಾಕೆ ಹಾಕುತ್ತಾರೆಂದು ನಿಮಗೆ ಗೊತ್ತಿರಬಹುದು. ಧನಿಷ್ಠಾ ಪಂಚಕದಂಥ ಕೆಟ್ಟ ನಕ್ಷತ್ರದಲ್ಲಿ ಮನೆಯಲ್ಲಿ ಸಾವಾದರೆ ಆ ಮನೆಯಲ್ಲಿ ಇರಬಾರದು. ಅಯ್ನೋರು ಹೇಳಿದಂತೆ ಮೂರೋ ಆರೋ ತಿಂಗಳು ಮನೆ ಬಿಟ್ಟು, ಬಾಗಿಲಿಗೆ ಜಾಲಿ ಮುಳ್ಳು ಹೊದಿಸಿ, ನೆಂಟರ ಮನೆಯಲ್ಲೋ ಹೊಲದ ಗುಡಿಸಲಲ್ಲೋ ಇದ್ದು, ಗಡುವು ಮುಗಿದ ಮೇಲೆ ಶಾಂತಿ ಮಾಡಿಸಿ, ಮುಳ್ಳು ತೆಗೆದು, ಹಾಲು ಉಕ್ಕಿಸಿ ಒಳಗೆ ಬರಬೇಕು. ನನಗೆ ಇದು ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮ ಅಜ್ಜಿ ಹೋದಾಗ ನಮ್ಮ ಮನೆಗೇ ಮೂರು ತಿಂಗಳು ಮುಳ್ಳು ಹಾಕಿದ್ದರು. ಸ್ಕೂಲಿಗೆ ಹೋಗುವಾಗ ಆ ಬಾಗಿಲ ಮುಂದೆ ನಿಂತು ಅತ್ತವಳು ನಾನು.

ಗೊತ್ತಿದ್ದೂ ನಾನು ಬರೆದದ್ದು ಹೀಗೆ: "ಬಾಗಿಲಿಗೆ ಮುಳ್ಳುಕಂಪೆ ಅಡ್ಡ ಹಾಕಿರುವ ಮನೆಗಳನ್ನು ವಾಸವಿಲ್ಲದ ಪಾಳು ಮನೆಗಳೆಂದು ತಿಳಿಯಬಹುದು." ಯಾಕೆ ಬರೆದೆ? ಸತ್ಯ ಹೇಳುತ್ತೇನೆ. ಸರ್ಕಾರಿ ಟಿಪ್ಪಣಿಯಲ್ಲಿ ನಕ್ಷತ್ರ, ಸೂತಕ, ಶಾಂತಿ ಅಂತೆಲ್ಲ ಬರೆದರೆ ಶಾಖೆಯವರು ಮತ್ತೆ ಮುಸಿಮುಸಿ ನಗುತ್ತಾರೆ ಎಂದು ನಾಚಿಕೆಯಾಯಿತು. ಸಾಯಂಕಾಲವೂ ಆಗುತ್ತಿತ್ತು. ಒಂದು ಸಾಲಿನಲ್ಲಿ ಮುಗಿಸಿ ಕೈ ತೊಳೆದುಕೊಂಡೆ.

ಮೂರು ವರ್ಷ ಆ ಸಾಲು ನನ್ನ ತಲೆಗೇ ಬರಲಿಲ್ಲ.

ಆಮೇಲೆ ರಜೆಯ ಮೇಲೆ ಹಿಂದೂಪುರಕ್ಕೆ ಬಂದಿದ್ದೆ. ನನ್ನ ತಮ್ಮನ ನೂಲಿನ ಅಂಗಡಿಗೆ ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬರುವ ನರಸಮ್ಮ ಎಂಬಾಕೆ ಅವತ್ತು ತನ್ನ ಅಕ್ಕನನ್ನೂ ಕರೆದುಕೊಂಡು ಬಂದಳು. ಅಕ್ಕನ ಹೆಸರು ಗಂಗಮ್ಮ. ಬೆಳುಗುಪ್ಪದ ಕಡೆ ಮುಳುಗಿಹೋದ ಊರಿನವಳು. ಆ ಊರನ್ನು ಕರೇಕಲ್ಲಹಳ್ಳಿ ಎಂದು ಕರೆಯೋಣ. ಎತ್ತರದ ಹೆಂಗಸು, ಕೂರು ಎಂದರೂ ಕೂರಲಿಲ್ಲ. ಸೆರಗಿನ ಒಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದ ತೆಗೆದು ಕೊಟ್ಟಳು.

"ಅಕ್ಕೋ, ನೀನು ಅಸೆಂಬ್ಲೀಲಿ ಕೆಲ್ಸ ಮಾಡ್ತೀಯಂತಲ್ಲ," ಎಂದಳು ನರಸಮ್ಮ. "ಕಲ್ಯಾಣದುರ್ಗದ ಟ್ರಿಬ್ಯುನಲ್ಲೋರು ಕೊಟ್ಟಿರೋದು ಇದು. ಲಾಯರ್ರು ಬರೀ 'ಕೇಸ್ ಪೋಯಿಂದಿ' ಅಂತಾನೆ. ಹೋಯ್ತು ಅನ್ನೋದು ನಮಗೂ ಗೊತ್ತು, ಯಾಕ್ ಹೋಯ್ತು ಅಂತ ಓದಿ ಹೇಳು."

ಗಂಗಮ್ಮ ತಾನೇ ಹೇಳಿದಳು. "ನಮ್ ಯಜಮಾನ್ರು ಹೋದಾಗ ನಕ್ಷತ್ರ ಸರಿ ಇಲ್ಲ, ಆರ್ ತಿಂಗ್ಳು ಮನೆ ಬುಡ್ಬೇಕು ಅಂದ್ರು ಅಯ್ನೋರು. ಬುಟ್ಟೆ. ಮುಳ್ಳು ಹಾಕಿ ಲೇಪಾಕ್ಷಿಗೆ ಇವಳ ಮನೇಗ್ ಬಂದೆ. ಅಷ್ಟ್ರಾಗೆ ಸರ್ವೇರು ಬಂದ್ಬುಟ್ರು, ಫೋಟೋ ಹಿಡ್ಕೊಂಡು ಹೋಗ್ಬುಟ್ರು. ನಾನು ಮುಳ್ ತೆಗ್ಯಕ್ಕೆ ಅಂತ ಹೋದ್ರೆ ಪಟ್ಟೀಲಿ ನನ್ನ ಹೆಸ್ರೇ ಇಲ್ಲ ಕಣಮ್ಮ. ಊರೋರೆಲ್ಲ ಕಾಲೋನೀಗೆ ಹೋದ್ರು. ನಾನು ಆ ಊರೋಳೇ ಅಲ್ವಂತೆ. ಇಪ್ಪತ್ ವರ್ಷ ಅದೇ ಬಾವೀಲಿ ನೀರು ಸೇದಿದ್ದೀನಿ."

ನಾನು ಕಾಗದ ಬಿಚ್ಚಿ ತೆಲುಗನ್ನು ಕನ್ನಡ ಮಾಡುತ್ತಾ ಓದಿದೆ. ರೇಷನ್ ಕಾರ್ಡು ಇದೆ, ಸರಿ. ನೆರೆಯವರು ಸಾಕ್ಷಿ ಹೇಳಿದ್ದಾರೆ, ಸರಿ. ಆದರೆ ಸರ್ವೆಯ ದಿನ ಮನೆ ಯಾವ ಸ್ಥಿತಿಯಲ್ಲಿತ್ತು ಎಂಬುದೇ ಮುಖ್ಯ. ಮೂರನೇ ಪುಟ ತಿರುಗಿಸಿದೆ. "ಶಾಸಕರ ಸಮಿತಿಯ ಟಿಪ್ಪಣಿಯ ಪ್ರಕಾರ, ಬಾಗಿಲಿಗೆ ಮುಳ್ಳುಕಂಪೆ ಅಡ್ಡ ಹಾಕಿರುವ ಮನೆಗಳನ್ನು ವಾಸವಿಲ್ಲದ ಪಾಳು ಮನೆಗಳೆಂದು..." ನನ್ನ ಮಾತು. ಅಕ್ಷರ ಅಕ್ಷರ ನನ್ನದೇ.

"ಯಾಕಮ್ಮ ನಿಲ್ಲಿಸ್ಬುಟ್ಟೆ?" ಎಂದಳು ಗಂಗಮ್ಮ.

"ಕನ್ನಡಕ ಸರಿ ಇಲ್ಲ," ಎಂದೆ. ಸುಳ್ಳು. ನಾನೇ ಬರೆದದ್ದು ಎಂದು ಹೇಳಲು ಬಾಯಿ ಬರಲಿಲ್ಲ. ನೋಡೋಣ, ವಿಚಾರಿಸುತ್ತೇನೆ ಎಂದು ಕಳಿಸಿದೆ. ಅವಳು ಹೋಗುವಾಗ "ನೀನು ನಮ್ ಕಡೇಳು, ನಿಂಗೆ ಅರ್ಥ ಆಯ್ತದೆ" ಎಂದು ನನ್ನ ಕೈ ಹಿಡಿದು ಹೋದಳು.

ದಾರಿ ಒಂದೇ ಇತ್ತು. ಆದೇಶದಲ್ಲಿ ತಪ್ಪಾಗಿದ್ದರೆ ಮರುಪರಿಶೀಲನೆ ಕೇಳಬಹುದು. ಆದರೆ ಆದೇಶ ಕೊಟ್ಟ ಸದಸ್ಯರೇ ಅದನ್ನು ಮಾಡಬೇಕು, ಅವರು ಹುದ್ದೆಯಲ್ಲಿರುವಾಗ ಮಾತ್ರ. ಮೂರ್ತಿಗಾರ ಅವಧಿ ಮುಗಿಯಲು ಕೆಲವೇ ವಾರ ಉಳಿದಿತ್ತು. ಮರುನೇಮಕದ ಕಡತ ನಮ್ಮ ಸಮಿತಿಯ ಮುಂದೆಯೇ ಬಂದಿತ್ತು. ಅವರು ಉಳಿದರೆ ಗಂಗಮ್ಮನಿಗೆ ಒಂದು ಬಾಗಿಲು ಇದೆ, ಅವರು ಹೋದರೆ ಅವಳು ಎಂದೆಂದಿಗೂ ಆ ಊರಿನವಳಲ್ಲ.

ಅಲ್ಲಿ ಇನ್ನೊಂದು ತೊಡಕು. ಸಮಿತಿಯಲ್ಲಿ ನಮ್ಮ ಸೀಮೆಯ ಸದಸ್ಯರೊಬ್ಬರಿದ್ದರು, ತಿಮ್ಮಪ್ಪನವರು. ಕಡಲೆಕಾಯಿ ಬೆಳೆಯುವ ಮನುಷ್ಯ, ದೊಡ್ಡ ಗಂಟಲು. ಮುಳ್ಳಿನ ಮನೆಗಳ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಆ ಮೂರ್ತೀನ ಎರಡನೇ ಸಲ ಹೆಂಗ್ ಕೂರಿಸ್ತಾರೋ ನಾನೂ ನೋಡ್ತೀನಿ. ನಮ್ ಜನದ ಮನೇನೆಲ್ಲ ಪಾಳು ಮಾಡ್ಬುಟ್ಟ," ಎಂದು ಶಾಖೆಗೆ ಫೋನು ಮಾಡಿ ಕೂಗಾಡಿದರು. ಅವರ ಕೋಪ ನ್ಯಾಯವಾದದ್ದೇ. ಆದರೆ ಆ ಕೋಪ ಗೆದ್ದರೆ ಸೋಲುವವಳು ಗಂಗಮ್ಮ. ಸಮಿತಿಯಲ್ಲಿ ಯಾರದೇ ವೈಯಕ್ತಿಕ ಕೇಸು ಎತ್ತುವಂತಿಲ್ಲ ಎಂಬ ನಿಯಮ ಬೇರೆ ಇದೆ. ನಾನು ಅವಳ ಹೆಸರು ಕೂಡ ಹೇಳುವ ಹಾಗಿಲ್ಲ.

ರಾಘವಯ್ಯ ಸಾರ್ ಹತ್ತಿರ ಹೋಗಿ ಎಲ್ಲಾ ಒಪ್ಪಿಸಿದೆ. ಅಳುತ್ತಲೇ ಹೇಳಿದೆ ಅನ್ನಿ. ಅವರು ಪೇಪರ್‌ವೇಟು ಪಕ್ಕಕ್ಕಿಟ್ಟು ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು. "ಸಮಿತಿಯಲ್ಲಿ ಅಧಿಕಾರಿ ಬಾಯಿ ಬಿಡಬಾರದು. ಆದರೆ ಪ್ರಶ್ನೆ ಬರೆಯೋದು ನಮ್ಮ ಕೆಲಸ ತಾನೆ? ಬರಿ," ಎಂದರು. ಏಳು ಪ್ರಶ್ನೆಗಳ ಕೆಳಗೆ ಎಂಟನೆಯದನ್ನು ಬರೆದೆ: ಬಾಗಿಲಿಗೆ ಮುಳ್ಳು ಹಾಕಿದ ಮನೆಯನ್ನು ಕಂಡರೆ ತಾವು ಏನೆಂದು ತಿಳಿಯುತ್ತೀರಿ?

ಆ ಸಲ ಸಮಿತಿ ಸೇರಿದ್ದು ಹಿಂದೂಪುರದ ಪ್ರವಾಸಿ ಬಂಗಲೆಯಲ್ಲಿ. ಮೂರ್ತಿಗಾರು ಮೊಣಕಾಲು ಹಿಡಿದುಕೊಂಡು ಕುಂಟುತ್ತಾ ಬಂದು ಕೂತರು. ಏಳು ಪ್ರಶ್ನೆ ಮುಗಿದವು. ಎಂಟನೆಯದನ್ನು ಅಧ್ಯಕ್ಷರು ಓದಿ, ಇದೇನಿದು ಎಂಬಂತೆ ನನ್ನ ಕಡೆ ನೋಡಿದರು.

"ಪಾಳು ಮನೆ," ಎಂದರು ಮೂರ್ತಿಗಾರು. "ನಿಮ್ಮ ಸಮಿತಿಯೇ ನನಗೆ ಹಾಗೆಂದು ಬರೆದು ಕಳಿಸಿದೆ." ಚೀಲದಿಂದ ಟಿಪ್ಪಣಿ ತೆಗೆದು ಮೇಜಿನ ಮೇಲೆ ಇಟ್ಟರು. ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು, ಪುಣ್ಯಾತ್ಮ.

ತಿಮ್ಮಪ್ಪನವರು ಮೇಜು ಗುದ್ದಿದರು. "ಸಾವಾದ ಮನೇನ ಪಾಳು ಮನೆ ಅಂತ ಬರ್ದೋನು ಯಾವನ್ರೀ ಅವ್ನು? ಅವ್ನ್ ಮನೇಲಿ ಯಾರೂ ಸತ್ತೇ ಇಲ್ವಾ?"

ರಾಘವಯ್ಯ ಸಾರ್ ಎದ್ದು ನಿಂತರು. ಮೇಲಿನ ಗುಂಡಿ ಸರಿಮಾಡಿಕೊಂಡರು. "ಶಾಖೆಯ ಟಿಪ್ಪಣಿ ಸಾರ್. ಜವಾಬ್ದಾರಿ ನನ್ನದು."

ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದ್ದ ಮನುಷ್ಯ ಹಾಗೆ ತಲೆ ಕೊಟ್ಟು ನಿಂತದ್ದನ್ನು ನೋಡಿ ನನಗೆ ಕೂರಲಾಗಲಿಲ್ಲ. "ಅಲ್ಲ ಸಾರ್, ಬರೆದವಳು ನಾನು," ಎಂದು ಎದ್ದೆ. ಅಷ್ಟು ವರ್ಷದ ಕೆಲಸದಲ್ಲಿ ಸಮಿತಿಯ ಮುಂದೆ ಕೇಳದೆ ಬಾಯಿ ಬಿಟ್ಟದ್ದು ಅದೇ ಮೊದಲು, ಅದೇ ಕೊನೆ. "ನಾನು ಇದೇ ಊರಿನವಳು. ನಮ್ಮ ಅಜ್ಜಿ ಹೋದಾಗ ನಮ್ಮ ಮನೆಗೂ ಮುಳ್ಳು ಹಾಕಿದ್ದರು. ನನಗೆ ಗೊತ್ತಿತ್ತು. ನಗುತ್ತಾರೆ ಅಂತ ಬರೆಯಲಿಲ್ಲ." ಚೊಕ್ಕ ತೆಲುಗೆಲ್ಲ ಎಲ್ಲಿ ಹೋಯಿತೋ, ನಮ್ಮ ಬೀದಿಯ ತೆಲುಗೇ ಬಂತು. ಯಾರೂ ನಗಲಿಲ್ಲ. ಕೆಟ್ಟ ನಕ್ಷತ್ರ ಅಂದರೇನು, ಜನ ಎಷ್ಟು ತಿಂಗಳು ಹೊರಗಿರುತ್ತಾರೆ, ಎಲ್ಲವನ್ನೂ ಹೇಳಿದೆ. ಕೊನೆಗೆ, "ತಪ್ಪು ನನ್ನದು. ಇವರನ್ನು ಕಳಿಸಿದರೆ ಆ ತಪ್ಪು ತಿದ್ದೋರು ಯಾರೂ ಉಳಿಯಲ್ಲ," ಎಂದೆ. ಅಧ್ಯಕ್ಷರು ಸಾಕು ಎಂದು ಕೈ ಎತ್ತಿದರು.

ಮೂರ್ತಿಗಾರು ಮಾತ್ರ ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದರು. "ಮುಳ್ಳನ್ನು ಯಾರು ಹಾಕುತ್ತಾರಮ್ಮ?"

"ಮನೆಯವರೇ ಸಾರ್."

"ಯಾರು ತೆಗೆಯುತ್ತಾರೆ?"

"ಹಾಕಿದವರೇ ಬಂದು ತೆಗೀತಾರೆ ಸಾರ್. ಬೇರೆಯವರು ಮುಟ್ಟಲ್ಲ."

"ಹಾಗಾದರೆ ಅದು ಬೀಗ ಅಲ್ಲವೇನಮ್ಮ," ಎಂದರು ಅವರು. ಮುಖ ಕಪ್ಪಿಟ್ಟಿತ್ತು. "ಮೂರು ವರ್ಷ ಈ ಸೀಮೆಯಲ್ಲಿ ಕೂತೆ, ಒಬ್ಬರನ್ನೂ ಇದನ್ನು ಕೇಳಲಿಲ್ಲ ನಾನು."

ತಿಮ್ಮಪ್ಪನವರು ಆ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಗಂಟಲು ತಗ್ಗಿಸಿ ಅಧ್ಯಕ್ಷರಿಗೆ, "ಇರ್ಲಿ ಬುಡ್ರಿ ಸಾರ್, ಇನ್ನೊಂದು ಅವಧಿ. ಕಲಿತೋರ್ನ ಕಳ್ಸಿ ಕಲೀದೋರ್ನ ಯಾಕ್ ತರೋದು?" ಎಂದರು. ಸಮಿತಿ "ಆಗಬಹುದು" ಎಂದು ಬರೆಯಿತು. ನನಗೆ ಮೆಮೋ ಬಂತು, ಬರಬೇಕಾದ್ದೇ. ರಾಘವಯ್ಯ ಸಾರ್ ತಮ್ಮ ಕೈಯಾರೆ ಅದನ್ನು ಕೊಟ್ಟು, ಸಹಿ ಹಾಕಿಸಿಕೊಂಡು, ಯಾದಗಿರಿಯನ್ನು ಕರೆದು ನನಗೊಂದು ಕಾಫಿ ತರಿಸಿದರು.

ಗಂಗಮ್ಮನ ಮರುಪರಿಶೀಲನೆ ಅರ್ಜಿ ಕಲ್ಯಾಣದುರ್ಗದಲ್ಲಿ ವಿಚಾರಣೆಗೆ ಬಂದ ದಿನ ನಾನು ರಜೆ ಹಾಕಿ ಅಕ್ಕತಂಗಿಯರ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನರಸಮ್ಮ ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. "ನಿನ್ನಿಂದಾನೇ ಆಗಿದ್ದು ಕಣಕ್ಕ ಇದೆಲ್ಲ," ಎಂದಳು. ಅದು ಎಷ್ಟು ನಿಜವೆಂದು ಅವಳಿಗೆ ಗೊತ್ತಿರಲಿಲ್ಲ.

ಪೀಠದಲ್ಲಿ ಮೂರ್ತಿಗಾರು ಗಂಗಮ್ಮನನ್ನು ಹತ್ತಿರ ಕರೆದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಅವರು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ಮುಳ್ಳು ಹಾಕಿ ಹೋಗುವಾಗ ಒಳಗೆ ಏನೇನು ಬಿಟ್ಟು ಹೋಗಿದ್ದೆಯಮ್ಮ?"

ಗಂಗಮ್ಮ ಬೆರಳು ಮಡಿಸುತ್ತಾ ಹೇಳಿದಳು. ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಜಾರಿದಳು. "ಬೀಸೋ ಕಲ್ಲು. ಬಿತ್ತನೆಗೆ ಅಂತ ಗಡಿಗೇಲಿ ಕಡ್ಲೆಕಾಯಿ ಬೀಜ. ಯಜಮಾನ್ರ ಕಂಬ್ಳಿ. ದೇವ್ರ ಗೂಡ್ನಾಗೆ ದೀಪ. ಬರೋ ಮನೆ ಅಲ್ವಾ ಸ್ವಾಮಿ, ಎಲ್ಲಾ ಅಲ್ಲೇ ಬುಟ್ಟಿದ್ದೆ."

ಮೂರ್ತಿಗಾರಿಗೆ ಕನ್ನಡ ಪೂರಾ ಬಾರದು. ಆದರೂ ಯಾರನ್ನೂ ಅರ್ಥ ಕೇಳಲಿಲ್ಲ, ಬರೆದುಕೊಂಡರು. ಆದೇಶ ಆವತ್ತೇ ಹೇಳಿದರು: ಇದು ಪಾಳು ಮನೆಯಲ್ಲ, ಈಕೆ ಕರೇಕಲ್ಲಹಳ್ಳಿಯ ನಿವಾಸಿ. ಮುಳ್ಳಿನ ಉಳಿದ ಮನೆಗಳ ಕಡತಗಳನ್ನೂ ತರಿಸಲು ಬರೆಸಿದರು. ನಾನು ಎದ್ದು ಹೋಗಿ ಗಂಗಮ್ಮನಿಗೆ ಕನ್ನಡದಲ್ಲಿ ಹೇಳಿದೆ, "ನೀನು ಆ ಊರಿನವಳು ಅಂತ ಬರೆದಿದ್ದಾರಮ್ಮ."

"ಅದು ನಂಗೆ ಗೊತ್ತಿಲ್ವಾ? ಅವ್ರಿಗೆ ಗೊತ್ತಾಯ್ತಾ ಅಂತ ಹೇಳು," ಎಂದಳು. ಗೊತ್ತಾಯಿತು ಎಂದೆ. ಆಗ ಅವಳು ಅಲ್ಲೇ ಗೋಡೆಗೊರಗಿ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮೂರು ವರ್ಷದ ಅಳು ಅದು.

ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಟೀ ಕುಡಿಯುತ್ತಾ ನಿಂತಿದ್ದ ಗಂಗಮ್ಮನಿಗೆ ಹೇಳಿಯೇಬಿಟ್ಟೆ. ನಿನ್ನ ಮನೆ ಪಾಳು ಅಂತ ಮೊದಲು ಬರೆದದ್ದು ಮೂರ್ತಿಗಾರು ಅಲ್ಲ, ನಾನು.

ಗಂಗಮ್ಮ ಗ್ಲಾಸು ಕೆಳಗಿಟ್ಟಳು. "ನೀನಾ? ನಿಂಗೆ ಮುಳ್ಳು ಅಂದ್ರೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಬರ್ದ್ಯಾ?"

"ಹೂಂ."

ಬೆನ್ನಿಗೆ ಒಂದು ಗುದ್ದು ಬಿತ್ತು. ನಿಜವಾದ ಗುದ್ದೇ, ರಾಗಿ ಬೀಸಿದ ಕೈಯದು. "ಅಯ್ಯೋ ನಿನ್ ಮನೆ ಹಾಳಾಗ! ನಂಟರ ಮನೇಲಿ ಮೂರ್ ವರ್ಷ ಮುದುರ್ಕೊಂಡು ಬಿದ್ದಿದ್ನಲ್ಲೇ!" ಎಂದಳು. ಸುತ್ತ ಇದ್ದವರು ತಿರುಗಿ ನೋಡಿದರು. ಆಮೇಲೆ ಬಸ್ಸಿನಲ್ಲಿ ಅವಳು ನನ್ನನ್ನು ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತಳು, ಲೇಪಾಕ್ಷಿಯಲ್ಲಿ ಇಳಿಯುವಾಗಲೂ ತಿರುಗಿ ನೋಡಲಿಲ್ಲ. ಅದು ನನಗೆ ಮೆಮೋಗಿಂತ ಜಾಸ್ತಿ ನೋಯಿಸಿತು.

ಏಳೆಂಟು ತಿಂಗಳ ಮೇಲೆ ನರಸಮ್ಮ ಫೋನು ಮಾಡಿದಳು. "ಅಕ್ಕಂದು ಮನೆ ಆಯ್ತು. ಭಾನುವಾರ ಹಾಲು ಉಕ್ಕಿಸ್ತಾಳೆ. ನೀನು ಬರ್ಲೇಬೇಕಂತೆ. ಬರ್ಲಿಲ್ಲ ಅಂದ್ರೆ ಅವ್ಳೇ ಬಂದು ಎಳ್ಕೊಂಡು ಹೋಯ್ತಾಳಂತೆ." ಕಲ್ಯಾಣದುರ್ಗದಲ್ಲಿ ಇಳಿದು, ಜೀಪಿನಲ್ಲಿ ಹತ್ತು ಜನರ ನಡುವೆ ಒತ್ತಿಕೊಂಡು ಕಾಲೋನಿಗೆ ಹೋದೆ. ಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಹಳೇ ಊರಿನ ನೆರೆಯವರೇ ಇಲ್ಲೂ ಅಕ್ಕಪಕ್ಕ. ಪಾಯಸ ಬಡಿಸಿದಳು, ಇನ್ನೊಂದು ಸೌಟು ಸುರಿದಳು, ಮುಖ ಮಾತ್ರ ಬಿಗಿ.

ಊಟ ಮುಗಿದ ಮೇಲೆ ಹೊರಗೆ ಕರೆದಳು. ಆ ಕಾಲೋನಿಯ ಪ್ರತಿ ಮನೆಯ ಗೋಡೆಯ ಮೇಲೂ ನೀಲಿ ಬಣ್ಣದಲ್ಲಿ ಮನೆಯವರ ಹೆಸರು, ಮುಳುಗಿದ ಊರಿನ ಹೆಸರು ಬರೆದಿತ್ತು. ಅವಳ ಗೋಡೆ ಖಾಲಿ ಇತ್ತು. ಬಣ್ಣದ ಡಬ್ಬಿ, ಕುಂಚ ತಂದು ನನ್ನ ಕೈಗೆ ಕೊಟ್ಟಳು.

"ಪೇಂಟ್ರು ಬಂದಿದ್ದ, ಬೇಡ ಅಂದೆ. ನೀನೇ ಬರ್ದು ಕಳ್ದಿದ್ದು, ನೀನೇ ಬರಿ."

"ಕನ್ನಡದಲ್ಲಿ ಬರೀಲಾ, ತೆಲುಗಲ್ಲಾ?" ಎಂದೆ.

"ಯಾವುದ್ರಾಗಾದ್ರೂ ಬರಿ. ಅಳಿಸ್ದಂಗೆ ಬರಿ."

ಎರಡರಲ್ಲೂ ಬರೆದೆ. ಮೊದಲನೇ 'ಗ' ಸೊಟ್ಟಗಾಯಿತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಬರೆದ ಟಿಪ್ಪಣಿಗಳು ಎಷ್ಟೋ ಬೀರು ತುಂಬಿವೆ. ಅವುಗಳಲ್ಲಿ ಯಾವುದನ್ನೂ ಅಷ್ಟು ಹುಷಾರಾಗಿ ಬರೆದಿರಲಿಲ್ಲ. ಗಂಗಮ್ಮ ಗೋಡೆಯ ಹತ್ತಿರ ಬಂದು ನಿಂತಳು. ಅವಳಿಗೆ ಎರಡೂ ಓದಲು ಬರುವುದಿಲ್ಲ.

"ಏನ್ ಬರ್ದೆ, ಓದು."

"ಗಂಗಮ್ಮ, ಕರೇಕಲ್ಲಹಳ್ಳಿ," ಎಂದು ಓದಿದೆ.

ಅವಳು ನನ್ನ ಹೆಗಲಿನ ಮೇಲೆ ಕೈ ಇಟ್ಟಳು. "ಇನ್ನೊಂದ್ ಸಲ ಓದವ್ವ," ಎಂದಳು.

ಇನ್ನೊಂದು ಸಲ ಓದಿದೆ.